ಮೋಲ್ಡ್ ದಿನ ಎಲ್ರೂ ಇಳಿದ್ರಾ?

ಕಾಂಕ್ರೀಟ್ ಹಾಕುವ ದಿನ ಒಂದಾದರೂ ಎಡವಟ್ಟು ಆಗದೆ ಸಂಜೆಯಾದದ್ದು ನನ್ನ ಹದಿನೆಂಟು ವರ್ಷದ ಸರ್ವೀಸಿನಲ್ಲಿ ನೆನಪಿಲ್ಲ. ಆಗುವುದಾದರೆ ಆಗಲಿ, ಆದರೆ ಮನೆಗೆ ಬಂದು ಹೇಳಿಕೊಂಡು ನಗುವಂಥದ್ದಾಗಲಿ ಎಂದು ಯಲಹಂಕದ ಮನೆಯಿಂದ ಸ್ಕೂಟರ್ ತೆಗೆಯುವಾಗಲೇ ದೇವರಿಗೆ ಹೇಳಿಬಿಡುತ್ತೇನೆ.

ನಾನು ಕಾಂಕ್ರೀಟ್ ಗ್ಯಾಂಗಿನ ಸೂಪರ್‌ವೈಸರ್. ತಾರಸಿ ಹಾಕುವುದಕ್ಕೆ ನಮ್ಮ ಬೆಂಗಳೂರಿನಲ್ಲಿ ಮೋಲ್ಡ್ ಹಾಕುವುದು ಅನ್ನುತ್ತೇವೆ. ಆ ದಿನ ಹನ್ನೆರಡು ಜನರನ್ನು ಮೇಲೆ ಹತ್ತಿಸಿ, ಕೆಲಸ ಮುಗಿಸಿ, ಹನ್ನೆರಡು ಜನರನ್ನೂ ಕೈಕಾಲು ನೆಟ್ಟಗಿರುವಂತೆ ಇಳಿಸುವುದು ನನ್ನ ಕೆಲಸ. ಬಹಳ ಹಿಂದೆ ತಣಿಸಂದ್ರದ ಒಂದು ಸೈಟಿನಲ್ಲಿ ಹಲಗೆ ಜಾರಿ ನಮ್ಮವನೊಬ್ಬ ಮೊದಲ ಮಹಡಿಯಿಂದ ಮರಳಿನ ಗುಡ್ಡೆ ಮೇಲೆ ಬಿದ್ದ. ಪುಣ್ಯಕ್ಕೆ ಜೀವ ಉಳಿಯಿತು, ಕಾಲು ಮಾತ್ರ ಇವತ್ತಿಗೂ ಕುಂಟು. ಅಂದಿನಿಂದ ನನಗೆ ತಲೆ ಎಣಿಸುವ ಚಟ. ಅವತ್ತು ನಾನು ಊಟ ಬಿಟ್ಟು ಗೋಡೆ ನೋಡುತ್ತ ಕೂತಿದ್ದನ್ನು ಕಂಡ ನನ್ನ ಗಂಡ, ಮೋಲ್ಡ್ ದಿನ ಫೋನ್ ಮಾಡಿದರೆ ಊಟ ಆಯ್ತಾ ಎಂದು ಕೇಳುವುದನ್ನೇ ಬಿಟ್ಟರು. "ಎಲ್ರೂ ಇಳಿದ್ರಾ?" ಅನ್ನುತ್ತಾರೆ, ನಾನು ಹೂಂ ಅಂದರೆ ಫೋನ್ ಇಡುತ್ತಾರೆ.

ಈಗ ಹೇಳುವುದೆಲ್ಲ ಕೊಡಿಗೇಹಳ್ಳಿಯ ಒಂದೇ ಮನೆಯಲ್ಲಿ ನಡೆದದ್ದು. ಊರಿನ ಹಳೇ ಮನೆತನ, ಹೆಂಚಿನ ಮನೆ ಕೆಡವಿ ಮೂರು ಮಹಡಿ ಕಟ್ಟಿಸುತ್ತಿದ್ದರು. ಓನರ್ ಆಫೀಸಿಗೆ ಹೋಗಿಬಿಡುವರು. ಸೈಟಿನಲ್ಲಿ ದಿನವಿಡೀ ಇರುತ್ತಿದ್ದವರು ಅವರ ತಾಯಿ, ಎಪ್ಪತ್ತೆಂಟರ ಅಜ್ಜಿ. ಪ್ಲಾಸ್ಟಿಕ್ ಚೇರು ಹಾಕಿಕೊಂಡು, ಎಲೆ ಅಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತರೆ ಸೈಟಿಗೆ ಬಂದ ಒಂದು ಇಟ್ಟಿಗೆಯೂ ಅವರ ಕಣ್ಣು ತಪ್ಪಿಸಿ ಒಳಗೆ ಹೋಗುವಂತಿರಲಿಲ್ಲ.

ಊಟದ ಹೆಲ್ಮೆಟ್

ಮೊದಲ ದಿನವೇ ಹನ್ನೆರಡು ಜನಕ್ಕೂ ಹಳದಿ ಹೆಲ್ಮೆಟ್ ಹಂಚಿ ಒಂದೇ ರೂಲ್ ಹೇಳಿದೆ. ಹೆಲ್ಮೆಟ್ ಇಲ್ಲದವರು ಮೇಲಿದ್ದರೆ ಆ ಕ್ಷಣವೇ ಕೆಳಗೆ, ಯಾರೇ ಆಗಿರಲಿ, ಚರ್ಚೆ ಇಲ್ಲ. ಗ್ಯಾಂಗಿನ ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ.

ನನಗೆ ಆಗ ಹೆಬ್ಬಾಳದಲ್ಲೂ ಒಂದು ಸೈಟು. ಅಲ್ಲಿ ಮುಗಿಸಿ ಇಲ್ಲಿಗೆ ಬರುವ ಹೊತ್ತಿಗೆ ಒಂದು ಗಂಟೆ. ಬಂದಾಗಲೆಲ್ಲ ಎಲ್ಲರ ತಲೆ ಮೇಲೂ ಹೆಲ್ಮೆಟ್, ಸಾಲಾಗಿ ಕೂತು ಮುದ್ದೆ ನುಂಗುತ್ತಿರುತ್ತಿದ್ದರು. ಎಂಥ ಶಿಸ್ತು ಎಂದು ಒಂದು ವಾರ ಒಳಗೊಳಗೇ ಬೀಗಿದೆ. ಆಮೇಲೆ ಒಂದು ದಿನ ಹೇಳದೆ ಕೇಳದೆ ಹತ್ತು ಗಂಟೆಗೇ ಬಂದರೆ ಒಬ್ಬನ ತಲೆ ಮೇಲೂ ಹೆಲ್ಮೆಟ್ ಇಲ್ಲ. ಹನ್ನೆರಡೂ ಸಿಮೆಂಟ್ ಶೆಡ್ಡಿನಲ್ಲಿ ಒಂದರೊಳಗೊಂದು ಕೂತಿವೆ. ಸಿಟ್ಟು ನೆತ್ತಿಗೇರಿತು. ಕೆಲಸ ಮಾಡುವಾಗ ಬಿಟ್ಟು ಊಟಕ್ಕೆ ಹಾಕುತ್ತೀರಲ್ಲ, ತಟ್ಟೆಯಿಂದ ತಲೆ ಮೇಲೆ ಏನು ಬೀಳುತ್ತೆ ಎಂದು ಕೇಳಿದೆ.

ಮೇಸ್ತ್ರಿಗೆ ನಾಚಿಕೆಯೇನೂ ಆಗಲಿಲ್ಲ. "ಊಟದ ಟೈಮಿಗೆ ತಾನೆ ಮೇಡಂ ನೀವು ಬರೋದು," ಅಂದ.

ಒಂದು ತೊಟ್ಟು ನೀರು

ರೆಡಿ ಕಾಂಕ್ರೀಟ್ ಲಾರಿ ಬಂದಾಗ ನನ್ನ ದೊಡ್ಡ ತಲೆನೋವು ನೀರು. ಮಾಲು ಗಟ್ಟಿ ಇದ್ದರೆ ಎಳೆಯುವವರಿಗೆ ತೋಳು ನೋವು, ಅದಕ್ಕೆ ನಾನು ಆಕಡೆ ತಿರುಗಿದರೆ ಈಕಡೆ ಪೈಪ್ ಬಿಟ್ಟುಬಿಡುತ್ತಾರೆ. ನೀರು ಹೆಚ್ಚಾದರೆ ತಾರಸಿಯ ಗಟ್ಟಿತನವೇ ಹೋಯಿತು. ಮೊದಲ ಮೋಲ್ಡಿನ ದಿನ ನಾನು ಲಾರಿಯವರ ಜೊತೆ ಕೂಗಾಡುವುದನ್ನು ನೋಡಿ ಅಜ್ಜಿ ಏನವ್ವ ವಿಷಯ ಅಂದರು. ಮುದ್ದೆ ಹಿಟ್ಟಿಗೆ ನೀರು ಜಾಸ್ತಿ ಆದರೆ ಏನಾಗುತ್ತೆ ಅಜ್ಜಿ, ಇದೂ ಅದೇ, ಲಾರಿಯವರಿಗೆ ನೀರು ಕೊಡಬಾರದು ಎಂದೆ. ಅವರಿಗೆ ಅಷ್ಟು ಸಾಕಾಯಿತು. ಚೇರು ಎತ್ತಿಸಿಕೊಂಡು ಹೋಗಿ ನಲ್ಲಿಯ ಮುಂದೆ ಕೋಲು ಹಿಡಿದು ಕೂತರು. ನಾನು ನಿರಾಳವಾಗಿ ಮೇಲೆ ಹೋದೆ.

ಅರ್ಧ ಗಂಟೆ ಬಿಟ್ಟು ಲಾರಿ ಡ್ರೈವರ್ ಮೇಲೆ ಹತ್ತಿ ಬಂದ. ನಾಲಿಗೆ ಒಣಗಿದೆ ಮೇಡಂ, ಆ ಅಜ್ಜಿ ಕುಡಿಯೋಕ್ಕೂ ಒಂದು ಲೋಟ ನೀರು ಬಿಡ್ತಿಲ್ಲ ಎಂದು ಗೋಳು ಹೇಳಿಕೊಂಡ. ನಾನು ಇಳಿದು ಬಂದು, ಕುಡಿಯುವುದಕ್ಕೆ ಕೊಡಬಹುದು ಅಜ್ಜಿ ಅಂದೆ.

"ಲಾರಿಯೋನ್ಗೆ ನೀರು ಕೊಡಬ್ಯಾಡ ಅಂತ ನೀನೇ ಅಲ್ವೇನವ್ವ ಯೋಳಿದ್ದು? ಮಜ್ಜಿಗೆ ಕೊಟ್ಟಿವ್ನಿ, ಎಲ್ಡು ಚೊಂಬು ಕುಡುದವ್ನೆ. ಇನ್ನೂ ನೀರು ಕೇಳ್ತಾನೆ ಅಂದ್ರೆ ಅದು ಕುಡಿಯಾಕಲ್ಲ ಬುಡು."

ಹಿಂದೆಯೇ ಇಳಿದು ಬಂದಿದ್ದ ಡ್ರೈವರ್ ಕಡೆ ತಿರುಗಿ ನೋಡಿದೆ. ಅವನ ಕೈಯಲ್ಲಿದ್ದದ್ದು ಹತ್ತು ಲೀಟರಿನ ಬಕೆಟ್ಟು.

ಕಾರಿಗೆ ಜಾಗ

ಮೋಲ್ಡ್ ಹಾಕಿದ ಮೇಲೆ ಅದನ್ನು ಕೆಳಗಿನಿಂದ ಹೊತ್ತು ನಿಲ್ಲುವ ಕಬ್ಬಿಣದ ಜಾಕಿಗಳನ್ನು ದಿನ ತುಂಬುವವರೆಗೂ ಮುಟ್ಟುವಂತಿಲ್ಲ. ಮೊದಲ ಮೋಲ್ಡ್ ಹಾಕಿ ಮೂರು ದಿನವಾಗಿತ್ತು. ಬಂದು ನೋಡಿದರೆ ಮುಂದಿನ ಸಾಲಿನಲ್ಲಿ ಎರಡು ಜಾಕಿ ಮಾಯ! ಆ ಜಾಗದಲ್ಲಿ ಓನರ್ ಹೊಸ ಕಾರು, ಮೂತಿ ಒಳಗೆ, ಬಾಲ ಹೊರಗೆ. ಬಿಸಿಲಿಗೆ ಬಣ್ಣ ಹೋಗುತ್ತೆ ಅಂತ ಎರಡೇ ಎರಡು ತೆಗೆದೆ, ಮಿಕ್ಕಿದ್ದು ಬೇಕಾದಷ್ಟಿದೆಯಲ್ಲ ಎಂದರು ಓನರ್.

ಎಲ್ಲರನ್ನೂ ಹೊರಗೆ ಕಳಿಸಿ, ಮೇಸ್ತ್ರಿಯೂ ನಾನೂ ಉಸಿರು ಬಿಗಿಹಿಡಿದು ಜಾಕಿಗಳನ್ನು ಮತ್ತೆ ಬಿಗಿದೆವು. ದಾರ ಹಿಡಿದು ನೋಡಿದೆ, ತಾರಸಿ ಒಂದು ಕೂದಲೆಳೆಯಷ್ಟೂ ಕೆಳಗೆ ಕೂತಿರಲಿಲ್ಲ. ಅಲ್ಲೇ ಇಟ್ಟಿಗೆ ಮೇಲೆ ಕುಸಿದು ಕೂತೆ. ಅಜ್ಜಿ ಮಗನನ್ನು ಏನೂ ಬೈಯಲಿಲ್ಲ. ಮಾರನೇ ದಿನ ನಾನು ಬರುವಷ್ಟರಲ್ಲಿ ಒಂದೊಂದು ಜಾಕಿಗೂ ಅರಿಶಿನ ಕುಂಕುಮ ಹಚ್ಚಿ, ದಾರ ಕಟ್ಟಿ, ಹೂ ಮುಡಿಸಿದ್ದರು. ಈಗ ಯಾವನು ಮುಟ್ತಾನೋ ಮುಟ್ಲಿ ಎಂದರು. ಓನರ್ ಆ ಕಡೆ ಹೋಗುವಾಗ ಚಪ್ಪಲಿ ಬಿಟ್ಟು ಹೋಗತೊಡಗಿದರು.

ನಾನು ಸೇಫ್ಟಿ ಬೋರ್ಡು ಬರೆಸಿದ್ದೆಲ್ಲ ದಂಡ ಎಂದು ಅವತ್ತು ಗೊತ್ತಾಯಿತು. ಅಜ್ಜಿಯನ್ನು ಕೇಳಿಕೊಂಡು ಕರೆಂಟ್ ಬೋರ್ಡಿಗೆ, ಮೆಟ್ಟಿಲ ಬಾಯಿಗೆ ಅಡ್ಡ ಕಟ್ಟಿದ ಕಂಬಿಗೆ, ಅಂಚಿನ ಹಗ್ಗಕ್ಕೆ, ಎಲ್ಲಕ್ಕೂ ಕುಂಕುಮ ಹಚ್ಚಿಸಿ, ಕುಂಕುಮ ಇಟ್ಟಿದ್ದನ್ನು ಯಾರೂ ಮುಟ್ಟಬಾರದು ಎಂದು ಗ್ಯಾಂಗಿಗೆ ಹೇಳಿದೆ. ಒಂದನ್ನೂ ಯಾರೂ ಸರಿಸಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಕೊನೆಯ ಮೋಲ್ಡ್

ಮೂರನೇ ಮೋಲ್ಡಿನ ದಿನ ಅಜ್ಜಿ ಪೂಜೆಗೆ ತಾವೇ ಮೇಲೆ ಹತ್ತಿ ಬಂದರು. ಪಂಪಿನ ಪೈಪಿಗೆ ಕುಂಕುಮ, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರಿಗೆ ಕುಂಕುಮ, ನಮ್ಮೆಲ್ಲರಿಗೂ ಕುಂಕುಮ. ನನ್ನ ಮುಂದೆ ನಿಂತು, ಹಣೆ ಎಲ್ಲವ್ವ, ಆ ಚಿಪ್ಪು ತೆಗಿ ಎಂದರು. ಹೆಲ್ಮೆಟ್ ತೆಗೆದು ಮೋಲ್ಡಿಗೆ ಹಾಸಿದ ಕಂಬಿ ಮೇಲಿಟ್ಟು ತಲೆ ಬಗ್ಗಿಸಿದೆ. ಅಷ್ಟರಲ್ಲಿ ಲಾರಿ ಬಂತು ಎಂದು ಕೂಗಿದರು, ಓಡಿದೆ. ಬಿಸಿಲಿಗೆಂದು ಹೆಲ್ಮೆಟ್ಟಿನೊಳಗೆ ದುಪಟ್ಟಾ ಸುತ್ತಿಕೊಳ್ಳುವ ಅಭ್ಯಾಸ ನನಗೆ, ಹಾಗಾಗಿ ತಲೆ ಬರಿದಾಯಿತು ಅನಿಸಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಮೋಲ್ಡ್ ಆಗಿತ್ತು. ಎಂದಿನಂತೆ ತಲೆ ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ, ಮತ್ತೆ ಹನ್ನೊಂದು. ಕಣ್ಣು ಆಚೆ ಮೂಲೆಗೆ ಹೋಯಿತು. ಹಸಿ ಕಾಂಕ್ರೀಟಿನ ನಟ್ಟನಡುವೆ ಒಂದು ಹಳದಿ ಹೆಲ್ಮೆಟ್, ಮುಕ್ಕಾಲು ಮುಳುಗಿ, ನೆತ್ತಿ ಮಾತ್ರ ಕಾಣುತ್ತಿದೆ.

ಆಮೇಲೆ ನನಗೆ ಬುದ್ಧಿ ಕೆಲಸ ಮಾಡಲಿಲ್ಲ. ತಣಿಸಂದ್ರದ ಮರಳಿನ ಗುಡ್ಡೆಯೇ ಕಣ್ಣಮುಂದೆ ಬಂತು. ಪಂಪ್ ನಿಲ್ಸಿ ಎಂದು ಕಿರುಚಿಕೊಂಡು ಕಾಂಕ್ರೀಟಿನೊಳಗೆ ಧುಮುಕಿ, ಮಂಡಿಯೂರಿ ಎರಡೂ ಕೈಯಲ್ಲಿ ಬಗೆಯತೊಡಗಿದೆ. ಗ್ಯಾಂಗೆಲ್ಲ ಸುತ್ತ ನಿಂತು ನೋಡುತ್ತಿದೆ, ಒಬ್ಬನೂ ಕೈ ಹಾಕುತ್ತಿಲ್ಲ. ಹಿಡೀರೋ ಎಂದು ಅಳುತ್ತಲೇ ಬೈದೆ. ಮೇಸ್ತ್ರಿ ಮೆಲ್ಲಗೆ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಮೇಡಂ, ಐದಿಂಚಿನ ಮೋಲ್ಡು. ಇದ್ರಲ್ಲಿ ಆಳು ಎಲ್ಲಿಂದ ಮುಳುಗ್ತಾನೆ?"

ಕೈ ನಿಂತಿತು. ಐದಿಂಚು ಎಂದು ಬೆಳಿಗ್ಗೆ ಅವನಿಗೆ ಟೇಪ್ ಹಿಡಿದು ತೋರಿಸಿದವಳು ನಾನೇ. ಅದೇ ಹೊತ್ತಿಗೆ ಹನ್ನೆರಡನೆಯವನು ಮೆಟ್ಟಿಲು ಹತ್ತಿ ಬಂದ. ಕೆಳಗೆ ಜಾಕಿ ನೋಡಿಕೊಂಡು ಬಾ ಎಂದು ಅವನನ್ನು ಕಳಿಸಿದವಳೂ ನಾನೇ. ಅವನನ್ನು ನೋಡಿ ಎಷ್ಟು ಸಂತೋಷವಾಯಿತೆಂದರೆ, ಕಾಂಕ್ರೀಟ್ ಮೆತ್ತಿದ ಕೈಯಲ್ಲೇ ಅವನ ಕೈ ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟೆ. ಅವನು ಗಾಬರಿಯಾಗಿ, ಜಾಕಿ ಎಲ್ಲಾ ಚೆನ್ನಾಗೇ ಇದೆ ಮೇಡಂ ಎಂದು ಮತ್ತೆ ಮತ್ತೆ ಹೇಳಿದ.

ಹಾಗಾದರೆ ಇದು ಯಾರ ಹೆಲ್ಮೆಟ್, ಎತ್ತಿಡದೆ ಮೇಲೇ ಕಾಂಕ್ರೀಟ್ ಸುರಿದದ್ದು ಯಾಕೆ ಎಂದು ಕೇಳಿದೆ. ಮೇಸ್ತ್ರಿ ಅದರ ನೆತ್ತಿ ಒರೆಸಿ ತೋರಿಸಿದ. ಅಂಗೈಯಗಲ ಕುಂಕುಮ, ಮೇಲೊಂದು ಸೇವಂತಿಗೆ. ನಾನು ಆ ಕಡೆ ಓಡಿದ ಮೇಲೆ ಅಜ್ಜಿ ಅದಕ್ಕೂ ಪೂಜೆ ಮಾಡಿ ಹೋಗಿದ್ದರು.

"ಪಾಯದಲ್ಲಿ ನವಧಾನ್ಯ ಇಡ್ತಾರಲ್ಲ, ಹಂಗೆ ಇದೂ ಈ ಮನೆಯೋರ ಪದ್ಧತಿ ಇರ್ಬೇಕು ಅಂದ್ಕೊಂಡ್ವಿ ಮೇಡಂ. ಕುಂಕುಮ ಇಟ್ಟಿದ್ದು ಮುಟ್ಬೇಡಿ ಅಂತ ನೀವೇ ಹೇಳಿದ್ದು. ಅದಕ್ಕೆ ಸುತ್ತ ಮೆತ್ತಗೆ ಹಾಕಿದ್ವಿ."

ಹನ್ನೆರಡು ಜನರೂ ತಮ್ಮ ತಮ್ಮ ಹೆಲ್ಮೆಟ್ ಮುಟ್ಟಿ ನೋಡಿಕೊಂಡು, ಆಮೇಲೆ ಒಟ್ಟಿಗೇ ನನ್ನ ದುಪಟ್ಟಾ ಕಡೆ ನೋಡಿದರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ಕೈಮುಗಿದು, ಮೆಟ್ಟಿಲ ಕಡೆ ದಾರಿ ತೋರಿಸಿದ. ರೂಲ್ ನಿಮ್ಮದೇ ಮೇಡಂ, ಯಾರೇ ಆಗಿರಲಿ ಅಂದಿದ್ದಿರಿ ಎಂದ.

ಕೆಳಗೆ ಬಂದು ಅಜ್ಜಿಯ ಪಕ್ಕ ಕೂತು ಮಜ್ಜಿಗೆ ಕುಡಿಯುತ್ತಿದ್ದಾಗ ಫೋನ್ ಬಂತು.

"ಎಲ್ರೂ ಇಳಿದ್ರಾ?" ಅಂದರು ನನ್ನ ಗಂಡ.

"ಇಲ್ಲ ಕಣ್ರೀ," ಎಂದೆ. "ಸದ್ಯಕ್ಕೆ ನನ್ನೊಬ್ಬಳನ್ನ ಇಳಿಸಿದ್ದಾರೆ."