ಸಾಹೇಬರ ಬೋಗುಣಿಯ ಮುಚ್ಚಳ

ಮುಚ್ಚಳ ಕಂಡದ್ದು ಊಟದ ಬಿಡುವಿನಲ್ಲಿ. ಅದೂ ಹಳೇ ಸಾಮಾನಿನ ಅಂಗಡಿಯವನ ಊಟದ ಡಬ್ಬಿಯ ಮೇಲೆ.

ಸೀನಪ್ಪನಿಗೆ ಆ ಹೆಸರಿಟ್ಟವರು ಹೆತ್ತವರಲ್ಲ, ಆಫೀಸಿನವರು. ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಹಳೇ ಫೈಲುಗಳ ಧೂಳು ಕುಡಿದೂ ಕುಡಿದೂ ಅವನು ಮಾತಿಗಿಂತ ಹೆಚ್ಚಾಗಿ ಸೀನುತ್ತಿದ್ದ. ಈಗ ಮೇಲಿನ ಮಹಡಿಯಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಅದು ಯಾರಿಗೆಂದು ಸಾಹೇಬರು ನಾಳೆ ಹೇಳುವವರಿದ್ದರು. ಆ ಕುರ್ಚಿ ಸಿಗದಿದ್ದರೆ ತನಗಿಂತ ಮೊದಲು ತನ್ನ ಮೂಗೇ ನಿವೃತ್ತಿಯಾಗುತ್ತದೆಂದು ಸೀನಪ್ಪನಿಗೆ ಖಾತ್ರಿಯಿತ್ತು.

ಇನ್ನು ಮುಚ್ಚಳದ ವಿಷಯ. ಸಾಹೇಬರ ಹೆಂಡತಿಗೆ ತವರಿನಿಂದ ಬಂದ ಪಿಂಗಾಣಿಯ ಊಟದ ಸೆಟ್ಟೊಂದಿತ್ತು. ಅದರಲ್ಲಿ ಸೂಪಿನ ದೊಡ್ಡ ಬೋಗುಣಿಯ ಮುಚ್ಚಳ ಮಾತ್ರ ಎಂದೋ ಮಾಯವಾಗಿತ್ತು. ಸಾಹೇಬರು ಈ ದುಃಖವನ್ನು ಪ್ರತಿ ಮೀಟಿಂಗಿನಲ್ಲೂ ತೋಡಿಕೊಳ್ಳುತ್ತಿದ್ದರು.

"ನೀಲಿ ಬಳ್ಳಿಯ ಅಂಚು, ಪೇರಳೆ ಹಣ್ಣಿನಂಥ ಹಿಡಿ, ಒಳಗಡೆ ಹಸಿರು ಹಡಗಿನ ಮುದ್ರೆ. ಅದು ಸಿಗೋ ತನಕ ಹೆಂಡತಿ ಕಡೆಯವರನ್ನ ಊಟಕ್ಕೆ ಕರೆಯಲ್ಲ ಅಂತ ಶಪಥ ಮಾಡಿದೀನಿ ಕಣ್ರಯ್ಯ. ಅರೆಬರೆ ಸೆಟ್ಟಲ್ಲಿ ಅಂಥವರಿಗೆ ಹೇಗೆ ಬಡಿಸೋದು?" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಸಾಹೇಬರ ಮೆಚ್ಚುಗೆಗಾಗಿ ಸೀನಪ್ಪ ಹಳೇ ಪಿಂಗಾಣಿಯ ವಿದ್ಯೆಯನ್ನೇ ಕಲಿತುಬಿಟ್ಟಿದ್ದ. ತಟ್ಟೆ ಕಂಡಲ್ಲೆಲ್ಲ ಬೋರಲು ಹಾಕಿ ಮುದ್ರೆ ನೋಡುತ್ತಿದ್ದ. ಉಗುರಿನಿಂದ ತಟ್ಟಿ ನಾದ ಕೇಳುತ್ತಿದ್ದ. ಬೆಳಕಿಗೆ ಹಿಡಿದು ಆಚೆ ಬದಿಯ ಬೆರಳಿನ ನೆರಳು ಕಾಣುತ್ತದೆಯೇ ಎಂದು ಪರೀಕ್ಷಿಸುತ್ತಿದ್ದ. ಭಾವಮೈದುನನ ಮನೆಯಲ್ಲಿ ಬಡಿಸಿದ ತಟ್ಟೆಯನ್ನೂ ಹೀಗೆಯೇ ಬೋರಲು ಹಾಕಿ ಮಂಗಳಾರತಿ ಮಾಡಿಸಿಕೊಂಡಿದ್ದ.

ಈಗ ಕಣ್ಣೆದುರಿಗೇ ನೀಲಿ ಬಳ್ಳಿ! ಪೇರಳೆ ಹಿಡಿ! ಆಸೆ ತೋರಿಸಿದರೆ ಅಂಗಡಿಯವನು ತಲೆ ಬೋಳಿಸುತ್ತಾನೆ. ಆದ್ದರಿಂದ ಪಕ್ಕದ ಮುರುಕಲು ಸ್ಟೂಲನ್ನು ನೋಡುತ್ತ ಕೇಳಿದ:

"ಆ ಮುಚ್ಚಳ ಎಲ್ಲಿಂದ ಬಂತು?"

"ಊರೂರು ಸುತ್ತಿ ಬಂದ ಮೂಟೇಲಿತ್ತು. ಪಾತ್ರೆ ಇಲ್ಲ, ಬರೀ ಮುಚ್ಚಳ. ಊಟಕ್ಕೆ ನೊಣ ಕೂರದ ಹಾಗೆ ಇಟ್ಕೊಂಡಿದೀನಿ."

"ಸುಮ್ನೆ ಒಂದ್ಸಲ ತಿರುಗಿಸಿ ನೋಡ್ಲಾ?"

"ನನ್ನ ಊಟ ಮುಗೀಲಿ ಇರ್ರಿ ಸ್ವಾಮಿ."

ಅವನು ತುತ್ತಿಗೊಂದು ಕತೆ ಹೇಳುತ್ತ ಉಂಡ. ಕೊನೆಗೂ ಮುಚ್ಚಳ ಸೀನಪ್ಪನ ಕೈಗೆ ಬಂತು. ಒಳಗಿನ ಎಣ್ಣೆಯ ಜಿಡ್ಡನ್ನು ಕರ್ಚೀಫಿನಿಂದ ಒರೆಸಿದರೆ, ಹಡಗು! ಹಸಿರು ಹಡಗು! ಉಗುರಿನಿಂದ ತಟ್ಟಿದರೆ ಠಣ್ಣೆಂದಿತು. "ಸಿಕ್ತೂ!" ಎಂದು ಸೀನಪ್ಪ ಅಲ್ಲೇ ಕುಣಿದುಬಿಟ್ಟ.

"ಓಹೋ," ಎಂದ ಅಂಗಡಿಯವನು ಕೈ ತೊಳೆಯುತ್ತ. "ಹಾಗಾದ್ರೆ ಜೊತೆಗೆ ಆ ಬುಟ್ಟೀಲಿರೋ ಕಿವಿ ಮುರಿದ ಕಪ್ಪುಗಳನ್ನೂ ನೀವೇ ತಗೋಬೇಕು."

ಬುಟ್ಟಿ ಹೊತ್ತು ಆಫೀಸಿಗೆ ಬಂದವನನ್ನು ಕ್ಯಾಷಿಯರಮ್ಮ, ಟೈಪಿಸ್ಟ್ ಇಬ್ಬರೂ ಬಾಗಿಲಲ್ಲೇ ತಡೆದರು.

"ನಕಲಿ ಇದ್ದ ಹಾಗಿದೆ. ಹಡಗಿಗೆ ಹಾಯಿಪಟ ಜಾಸ್ತಿಯಾಯ್ತು," ಎಂದ ಟೈಪಿಸ್ಟ್. ಮೇಲಿನ ಕುರ್ಚಿಯ ಮೇಲೆ ಅವನಿಗೂ ಕಣ್ಣಿತ್ತು.

"ನಿನಗೇನು ಗೊತ್ತು? ಕೊಡಿ ಇಲ್ಲಿ. ನಮ್ಮತ್ತೆ ಮನೇಲಿ ಇಂಥವು ರಾಶಿ ಇದ್ವು," ಎಂದು ಕ್ಯಾಷಿಯರಮ್ಮ ಕೈ ಹಾಕಿದರು.

ಅವರೊಂದು ಕಡೆ, ಸೀನಪ್ಪನೊಂದು ಕಡೆ ಎಳೆಯುವಾಗಲೇ ಅವನಿಗೆ ಸೀನು ಬಂತು. ಅಂತಿಂಥ ಸೀನಲ್ಲ, ಗೋಡೆಯ ಕ್ಯಾಲೆಂಡರು ಅಲ್ಲಾಡುವಂಥದ್ದು. ಮುಚ್ಚಳ ಗಾಳಿಗೆ ಹಾರಿತು. ಮೂವರೂ ಕಣ್ಣು ಮುಚ್ಚಿಕೊಂಡರು. ತೆರೆದು ನೋಡಿದರೆ ಅದು ರದ್ದಿ ಕಾಗದದ ಬುಟ್ಟಿಯೊಳಗೆ ತೊಟ್ಟಿಲ ಕೂಸಿನಂತೆ ಮಲಗಿತ್ತು. ಸೀನಪ್ಪನಿಗೆ ಹೋದ ಜೀವ ಬಂದಂತಾಯಿತು.

"ನಿಮ್ಮೊಬ್ಬರನ್ನೇ ನಂಬೋಕಾಗಲ್ಲ. ಸಾಹೇಬರ ಮನೆಗೆ ನಾವೂ ಬರ್ತೀವಿ," ಎಂದರು ಕ್ಯಾಷಿಯರಮ್ಮ. ಸಂಜೆ ಆ ಮನೆಯ ಗೇಟು ಮುಟ್ಟುವ ಹೊತ್ತಿಗೆ "ಸೀನಪ್ಪ ಹುಡುಕಿದ್ದು" ಎಂಬುದು "ನಾವು ಹುಡುಕಿದ್ದು" ಎಂದಾಗಿತ್ತು.

ಬಾಗಿಲು ತೆರೆದ ಸಾಹೇಬರ ಹೆಂಡತಿ ಮುಚ್ಚಳ ಕಂಡು ಕಿಟಾರನೆ ಕಿರುಚಿದರು. ಓಡಿಹೋಗಿ ಬೋಗುಣಿ ತಂದು ಮುಚ್ಚಳವನ್ನು ಅದರ ಮೇಲಿಟ್ಟರು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು!

"ರೀ, ಬನ್ರೀ! ನಿಮ್ಮ ಶಪಥ ತೀರ್ತು!"

ಹೊರಗೆ ಬಂದ ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಅದು ಆನಂದ ತಡೆಯಲಾರದ್ದೆಂದು ಸೀನಪ್ಪ ಉಬ್ಬಿಹೋದ. ಅಷ್ಟರಲ್ಲಿ ಮನೆಯಾಕೆ ಫೋನಿನಲ್ಲಿದ್ದರು. "ಅಕ್ಕಾ, ಮುಚ್ಚಳ ಸಿಕ್ತು ಕಣೇ! ಮಕ್ಕಳು ಮರಿ ಎಲ್ಲ ಕಟ್ಕೊಂಡು ಬಾ. ಅಣ್ಣಂದಿರಿಗೂ ಹೇಳು. ತಿಂಗಳೊಪ್ಪತ್ತು ಇದ್ದೇ ಹೋಗ್ಬೇಕು!"

"ಯಾರು ಹುಡುಕಿದ್ದು?" ಎಂದರು ಸಾಹೇಬರು, ಹಲ್ಲು ಕಚ್ಚಿ.

ಆ ದನಿ ಕೇಳಿದ್ದೇ ಟೈಪಿಸ್ಟ್ ಒಂದು ಹೆಜ್ಜೆ ಹಿಂದೆ ಸರಿದ. "ನಾವಲ್ಲ ಸಾರ್. ಇವರೊಬ್ಬರೇ."

ಸಾಹೇಬರು ಸೀನಪ್ಪನ ಭುಜ ಹಿಡಿದು ಹಿತ್ತಿಲಿಗೆ ಎಳೆದೊಯ್ದರು.

"ಗುರುತು ಪರಿಚಯ ಇಲ್ಲದ ಊರಿಗೆ ಹೋಗಿ, ನನ್ನ ಕೈಯಾರೆ ಗುಜರಿಗೆ ಕೊಟ್ಟು ಬಂದಿದ್ದೆ ಕಣಯ್ಯ ಅದನ್ನ! ಇಷ್ಟು ವರ್ಷ ಅವಳ ತವರಿನವರು ಒಬ್ಬರೂ ಈ ಕಡೆ ತಲೆ ಹಾಕಿರಲಿಲ್ಲ. ದುಃಖ ಎಲ್ರೂ ನಂಬ್ಲಿ ಅಂತ ಅದರ ವರ್ಣನೆ ಮಾಡಿದ್ರೆ, ಹುಡುಕ್ಕೊಂಡೇ ಬರೋದಾ?"

ಸೀನಪ್ಪ ಕೈ ಮುಗಿದ. "ತಪ್ಪಾಯ್ತು ಸಾರ್. ಆ ಮೇಲಿನ ಕುರ್ಚಿ..."

"ಅದು ಟೈಪಿಸ್ಟಿಗೆ," ಎಂದರು ಸಾಹೇಬರು. "ಕಳೆದುಹೋದದ್ದನ್ನ ಪಾತಾಳದಿಂದಾದ್ರೂ ಹುಡುಕಿ ತರೋ ನಿನ್ನಂಥವನನ್ನ ದಾಖಲೆ ಕೋಣೆ ಬಿಟ್ಟು ಬೇರೆಲ್ಲಿಗೆ ಹಾಕ್ಲಿ? ನಿವೃತ್ತಿ ಆಗೋ ತನಕ ಅಲ್ಲೇ ಇರು!"