ಬೀರುವಿನ ಜೊತೆ ಹಗ್ಗಜಗ್ಗಾಟ

ಈ ಸಲ ನ್ಯಾಮತಿಯ ಮಹಿಳಾ ತಂಡದಲ್ಲಿ ಹಗ್ಗದ ಕೊನೆಗೆ ನಿಂತು, ಇಡೀ ಹೊನ್ನಾಳಿಯನ್ನು ಗೆರೆ ದಾಟಿಸಿ ಎಳೆದು ತರುವವಳು ನಾನೇ! ಹೀಗೆಂದು ಒಂದು ಸೋಮವಾರ ಬೆಳಿಗ್ಗೆ ಚಹಾ ಲೋಟವನ್ನು ಮೇಜಿಗೆ ಕುಕ್ಕಿ ಘೋಷಿಸಿದೆ. ಅತ್ತೆ ಉಡಚಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಿದರು. ಗಂಡ ಮಾಲತೇಶ್ ನನ್ನ ಮುಖ ನೋಡಲಿಲ್ಲ, ಬೆನ್ನು ನೋಡಿದರು.

ಎಲ್ಲರೂ ನೋಡುವುದು ಅಲ್ಲಿಗೇ. ನನ್ನ ಬೆನ್ನುಮೂಳೆಯ ಒಂದು ಮಣಿ ಹುಟ್ಟುವಾಗಲೇ ಅರ್ಧ ಬೆಳೆದು ಸುಮ್ಮನಾಗಿದೆ. ಅದರಿಂದ ಬೆನ್ನು ತುಸು ಎಡಕ್ಕೆ ವಾಲಿದೆ, ಒಂದು ಭುಜ ಬೆರಳಗಲ ಕೆಳಗಿದೆ. ಇಷ್ಟೇ! ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ನಡೀರಿ, ಈಜ್ರಿ, ಎಳೀರಿ. ಸುಮ್ನೆ ಕೂತ್ರೆ ಮಾತ್ರ ಬೈತೀನಿ" ಎಂದಿದ್ದಾರೆ. ಊರಿನವರು ಎಕ್ಸ್‌ರೇ ಇಲ್ಲದೆಯೇ ತೀರ್ಪು ಕೊಡುತ್ತಾರೆ. ಮದುವೆ ಮನೆಯಲ್ಲಿ ನಾನೊಂದು ಕೊಡ ಎತ್ತಿದರೆ ನಾಲ್ಕು ಕೈ ಅಡ್ಡ ಬರುತ್ತವೆ. ತುಂಬು ಬಸುರಿ ಸೊಸೆ ನೀರು ಹೊರುವಾಗ ಅದೇ ನಾಲ್ಕು ಕೈ ಎಲ್ಲಿ ಹೋಗಿರುತ್ತವೋ!

ನಾನು ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವಳು. ವರ್ಷಕ್ಕೊಮ್ಮೆ ನಮ್ಮಂಥ ನೌಕರರ ಕ್ರೀಡಾಕೂಟ ನಡೆಯುತ್ತದೆ. ನಮ್ಮದು ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಹಾಗಾಗಿ ಈ ಎರಡು ಊರು ಹಗ್ಗ ಹಿಡಿದರೆ ಅಣ್ಣತಮ್ಮಂದಿರ ಬದುವಿನ ಜಗಳದ ಕಳೆ ಬಂದುಬಿಡುತ್ತದೆ. ಅಂಥ ಸಮರಕ್ಕೆ ಹೆಸರು ಕೊಟ್ಟರೆ, ತಂಡ ಕಟ್ಟುವ ಪಿ.ಟಿ. ಮೇಷ್ಟ್ರು ತಿಪ್ಪೇರುದ್ರಸ್ವಾಮಿ ನನ್ನನ್ನು ಹಾಕಿದ್ದು ಎಲ್ಲಿಗೆ? ಚಮಚದಲ್ಲಿ ನಿಂಬೆಹಣ್ಣಿಟ್ಟುಕೊಂಡು ಓಡುವ ಪಂದ್ಯಕ್ಕೆ!

"ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಮೇಡಂ. ಹಗ್ಗ ಹಿಡೀಲೇಬೇಕು ಅಂದ್ರೆ ಯಜಮಾನ್ರಿಂದ ಒಂದು ಒಪ್ಪಿಗೆ ಪತ್ರ ಬರೆಸ್ಕಂಡು ಬರ್ರಿ."

"ಮಂಡಿಗೆ ಪಟ್ಟಿ ಸುತ್ಕಂಡೇ ಹಗ್ಗ ಹಿಡಿಯೋ ಸಾಯಿಮಾ ಟೀಚರ್ ತಂದಿದಾರಾ ಪತ್ರ?"

"ಅವ್ರದ್ದು ಮಂಡಿ ಮೇಡಂ. ನಿಮ್ದು ಬೆನ್ನು."

"ಬೆನ್ನು ನಂದು ಅಂತ ಗೊತ್ತೈತಲ್ಲ! ಮತ್ತೆ ಒಪ್ಪಿಗೆ ಅವ್ರದ್ಯಾಕೆ?"

ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟು ಊದುತ್ತಾ ಅಲ್ಲಿಂದ ಜಾಗ ಖಾಲಿ ಮಾಡಿದರು.

ಪತ್ರ ತರುವುದಿಲ್ಲ, ತೋಳು ತೋರಿಸುತ್ತೇನೆ ಎಂದು ಶಪಥ ಮಾಡಿದೆ. ಗುರುವಾರ ಬೆಳಿಗ್ಗೆ ಪಕ್ಕದ ಮನೆಯಿಂದ ಲಾರಿಗೆ ಬಿಗಿಯುವ ಹಗ್ಗ ತಂದು, ನಡುಮನೆಯ ಕಬ್ಬಿಣದ ಬೀರುವಿಗೆ ಬಿಗಿದೆ. ಅತ್ತೆಯ ಹಿತ್ತಾಳೆ ಪಾತ್ರೆಗಳಿಂದ ತುಂಬಿದ್ದ ಆ ಬೀರುವಿಗೆ 'ಹೊನ್ನಾಳಿ' ಎಂದು ನಾಮಕರಣವನ್ನೂ ಮಾಡಿದೆ. ಗಂಡ ಬಚ್ಚಲಲ್ಲಿದ್ದರು. ರಣರಂಗ ನನ್ನದೇ! ಹಿಮ್ಮಡಿ ಊರಿ, ಉಸಿರು ಕಟ್ಟಿ ಎಳೆದೆ. ಹೊನ್ನಾಳಿ ಅಲುಗಾಡಿತು! ಒಂದು ಗೇಣು ಬಂತು, ಒಂದು ಮೊಳ ಬಂತು. ಆಮೇಲೆ ಟೈಲ್ಸಿನ ಮೇಲೆ ಕಿರ್ರ್ ಎಂದು ಜಾರಿ, ಸರಿಯಾಗಿ ಬಚ್ಚಲ ಬಾಗಿಲಿಗೆ ಅಡ್ಡವಾಗಿ ಬಂದು ನಿಂತುಬಿಟ್ಟಿತು. ಆ ಬಾಗಿಲೋ, ಹೊರಕ್ಕೆ ತೆರೆಯುವಂಥದ್ದು!

"ರಕ್ಷಾ! ಬಾಗ್ಲು ತೆಗಿಯಾಕೆ ಬರ್ತಿಲ್ಲ ಕಣೇ!"

"ಹೊನ್ನಾಳಿ ಅಡ್ಡ ಬಂದೈತೆ! ತಡೀರಿ, ಎಳ್ಕಂತೀನಿ!"

"ಏನು ಬಂದೈತೆ? ಲೇ, ನೀ ಏನೂ ಎಳೀಬ್ಯಾಡ! ನಿನ್ ಬೆನ್ನಿಗೆ ಏನಾದ್ರೂ ಆದ್ರೆ ಹೆಂಗೆ? ನಾನೇ ತಳ್ತೀನಿ!"

ಒಳಗಿನಿಂದ ಧಡ್ ಎಂದು ಒಂದು ಸದ್ದು. ಹಿಂದೆಯೇ "ಯವ್ವಾ!" ಎಂಬ ಆರ್ತನಾದ!

ನಾನೇ ಬೀರು ಎಳೆದು ದಾರಿ ಬಿಡಿಸಿದೆ. ಟವೆಲ್ ಸುತ್ತಿಕೊಂಡು, ತಲೆಯ ತುಂಬ ಸೋಪಿನ ನೊರೆ ಹೊತ್ತು, ನೆಲಕ್ಕೆ ಬಿದ್ದ ಸೂಜಿ ಹುಡುಕುವವರ ಹಾಗೆ ಬಾಗಿಕೊಂಡೇ ಬಂದರು ನನ್ನ ನೆಟ್ಟನೆ ಬೆನ್ನಿನ ಪತಿರಾಯರು! ಕೋಣೆಯ ಮಂಚದ ತನಕ ಹಾಗೇ ನಡೆದು, ಹಾಗೇ ಉರುಳಿದರು.

ಅತ್ತೆ ಬೀದಿಗೋಡಿದರು. "ಸಾವಂತ್ರಮ್ಮಾ, ಜಲ್ದಿ ಬಾರೇ! ನಮ್ಮನಿಯಾಗೆ ಸೊಂಟ ಹಿಡ್ಕಂಡೈತೆ!"

ಸಾವಂತ್ರಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಎಡಗಾಲಿನಿಂದ ಮೂರು ಸಲ ನೀವಿದರೆ ಉಳುಕು ಹೋಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಇದು ಶುದ್ಧ ಮೂಢನಂಬಿಕೆ ಎಂದು ವಾರಪತ್ರಿಕೆಯ ನನ್ನ ಅಂಕಣದಲ್ಲಿ ಎರಡು ಸಲ ಗುಡುಗಿದ್ದೇನೆ. ಯಾರ ಸೊಂಟ ಎಂದು ಅತ್ತೆ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಈ ಮನೆಯಲ್ಲಿ ಸೊಂಟ ಹಿಡಿದರೆ ಅದು ನನ್ನದಲ್ಲದೆ ಇನ್ಯಾರದು! ಇಬ್ಬರು ಹೆಂಗಸರೊಂದಿಗೆ ನುಗ್ಗಿದ ಸಾವಂತ್ರಮ್ಮ ನನ್ನನ್ನು ಹಿಡಿದು ಚಾಪೆಯ ಮೇಲೆ ಬೋರಲು ಕೆಡವಿದಳು.

"ನಂಗಲ್ಲ! ಒಳಗೆ ಮಲಗಿದಾರಲ್ಲ, ಅವ್ರಿಗೆ!"

"ಸುಮ್ಕಿರು ತಾಯಿ. ನೋವಿಗೆ ಹಿಂಗೇ ಏನೇನೋ ಮಾತು ಬರ್ತಾವೆ."

ಮೂರು ಸಲ! ನೀವಿದಳು ಎನ್ನುವುದು ಮರ್ಯಾದೆಯ ಮಾತು, ಬಿದ್ದದ್ದು ಒದೆ. ಸೊಂಟ ಹಿಡಿದವರು ಒಳಗಿನಿಂದ ನರಳುತ್ತಲೇ, "ಸಾವಂತ್ರಮ್ಮಾ, ಈ ಕಡೀಗೂ ಸ್ವಲ್ಪ ಬಾರವ್ವ" ಎಂದು ಬೇಡುತ್ತಿದ್ದರು.

ಸಂಜೆಯ ಹೊತ್ತಿಗೆ ಸುದ್ದಿ ಊರು ದಾಟಿತ್ತು. ತಿಪ್ಪೇರುದ್ರಸ್ವಾಮಿ ಮೇಷ್ಟ್ರ ಫೋನು.

"ಮೇಡಂ, ಬೆನ್ನು ಮುರಿದು ದಾವಣಗೆರೆ ಆಸ್ಪತ್ರೆಗೆ ಸೇರ್ಸಿದಾರಂತೆ ನಿಮ್ಮನ್ನ?"

"ಸಾರ್, ನೀವೀಗ ಮಾತಾಡ್ತಿರೋದು ಯಾರ ಜೊತೆ?"

"ಆದ್ರೂ ರೆಸ್ಟ್ ತಗೊಳ್ರಿ. ನಿಂಬೆಹಣ್ಣಿನಿಂದಾನೂ ನಿಮ್ಮ ಹೆಸ್ರು ತೆಗ್ದೀನಿ."

ಭಾನುವಾರ ಕ್ರೀಡಾಕೂಟ. ನೆಟ್ಟಗೆ ಮೈದಾನಕ್ಕೇ ಹೋದೆ, ಬೂಟಿನ ದಾರ ಬಿಗಿದುಕೊಂಡು. ಮೇಷ್ಟ್ರು ಹೌಹಾರಿದರು.

"ಪತ್ರ ತಂದ್ರಾ ಮೇಡಂ?"

"ಪತ್ರ ಬರಿಯೋರಿಗೆ ಎದ್ದು ಕೂರಾಕೇ ಆಗ್ತಿಲ್ಲ ಸಾರ್. ಸೊಂಟ ಹಿಡಿದಿರೋದು ಅವ್ರದ್ದು! ಬೀರು ಎಳೆದೋಳು ನಾನು."

ಸಾಯಿಮಾ ಟೀಚರ್ ಸಾಲಿನಿಂದ ಹೊರಗೆ ಬಂದರು. "ನಮ್ಮನೆಯೋರಿಂದ ನೀವು ಏನೂ ಬರೆಸ್ಕಂಡಿಲ್ಲ ಸಾರ್. ನಂಗೆ ಬ್ಯಾಡಾಗಿದ್ದು ಇವ್ರಿಗೆ ಯಾಕೆ ಬೇಕು? ಇವ್ರು ಇಲ್ಲ ಅಂದ್ರೆ ನಾನೂ ಇಲ್ಲ." ಅಷ್ಟೇ, ಉಳಿದವರೂ ಒಬ್ಬೊಬ್ಬರಾಗಿ ಹಗ್ಗ ನೆಲಕ್ಕೆ ಬಿಟ್ಟರು. ಮೇಷ್ಟ್ರು ಸುತ್ತ ನೋಡಿ, ಸೋತು, ಕೊನೆಯ ಜಾಗ ತೋರಿಸಿದರು.

ನಿಂತೆ! ಬೆರಳಗಲ ಕೆಳಗಿರುವ ಈ ಭುಜಕ್ಕೆ ಹಗ್ಗ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಎದುರಿಗೆ ಹೊನ್ನಾಳಿಯ ಎಂಟು ವೀರ ವನಿತೆಯರು. ಅಂಪೈರ್ ಕೈ ಎತ್ತಿದರು. ಮೂವತ್ತೆಂಟು ವರ್ಷ ಕೇಳಿದ 'ನಿನ್ನ ಕೈಲಾಗಲ್ಲ'ಗಳನ್ನೆಲ್ಲ ಹಲ್ಲಲ್ಲಿ ಕಚ್ಚಿಕೊಂಡು ಎಳೆದೆ. ಎಂಟೂ ಜನ ಮುಗ್ಗರಿಸಿಕೊಂಡು ಗೆರೆ ದಾಟಿ ಬಂದರು! ಮತ್ತೆ ಎಳೆಸಿದರು. ಮತ್ತೆ ಬಂದರು! ಮೂರನೇ ಸಲವೂ ಎಳೆಸಿದರು. ಮೂರನೇ ಸಲವೂ ಬಂದರು! ಜನ ಹೋ ಎಂದರು. ನಾನು ಎರಡೂ ಕೈ ಮೇಲೆತ್ತಿದೆ. ಅಂಪೈರ್ ಹೋಗಿ ಹೊನ್ನಾಳಿಯ ನಾಯಕಿಯ ಕೈ ಎತ್ತಿದರು.

ನಾನು ಮೂರು ಸಲವೂ ಎಳೆದದ್ದು ಸೀಟಿ ಊದುವ ಮೊದಲೇ. ಮೂರು ಫೌಲ್, ಆಟ ಸೋಲು.

ತಿಪ್ಪೇರುದ್ರಸ್ವಾಮಿ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಓಡಿ ಬಂದರು. ನಾನು ಧೂಳು ಕೊಡವಿಕೊಂಡು, ಎದೆ ಸೆಟೆಸಿ, "ನೋಡಿದ್ರಾ ಸಾರ್? ಬೆನ್ನಿಗೆ ಏನಾದ್ರೂ ಆಯ್ತಾ?" ಎಂದೆ.

"ನಿಮ್ ಬೆನ್ನು ಬಂಡೆಗಲ್ಲು ಮೇಡಂ!" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕಿರುಚಿದರು. "ಮೊದ್ಲು ಹೋಗಿ ಕಿವಿ ತೋರಿಸ್ಕಂಡು ಬರ್ರಿ!"