ಡ್ಯಾಕು, ಡೊಳ್ಳು ಮತ್ತು ನನ್ನ ಮೀಸೆ

ಸಂಗೀತವೆಂದರೆ ಹೇಗಿರಬೇಕೆಂದು ಇಡೀ ಹೊನ್ನವಳ್ಳಿಗೆ ತೋರಿಸಿಕೊಡುತ್ತೇನೆ ಎಂದು ಶಪಥ ಮಾಡಿ ಒಂದು ಡ್ಯಾಕ್ ತರಿಸಿದೆ! ಫೋನಿನೊಳಗಿನ ಅಂಕಿಗಳನ್ನು ಹಾಡಾಗಿಸುವ ಅಂಗೈಯಗಲದ ಡಬ್ಬಿ ಅದು. ಜೊತೆಗೆ ಬಂದ ಹಾಳೆಯ ತುಂಬ ಅಳತೆಗಳು. ಸದ್ದು ಕೆಡುವ ಪ್ರಮಾಣ ಶೇಕಡಾ ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ ಒಂದು! ಆ ಹಾಳೆಗೆ ಫ್ರೇಮ್ ಹಾಕಿಸಿ ದೇವರ ಪಟದ ಪಕ್ಕದಲ್ಲೇ ನೇತುಹಾಕಿದೆ.

ತಿಪಟೂರಿನ ಗೆಳೆಯ ತೋಂಟದಾರ್ಯ ನಕ್ಕುಬಿಟ್ಟ. "ಲೇ ರೇಣುಕ, ಹಾಡು ಕೇಳೋದು ಕಿವೀಲಿ ಕಣ್ಲಾ, ಹಾಳೇಲಲ್ಲ."

"ಹಾಳೆ ಸುಳ್ಳು ಹೇಳಾಕಿಲ್ಲ ಕಣ್ಲಾ! ಭಾನುವಾರ ಬಾ. ಒಂದೇ ಒಂದು ಅಪಸ್ವರ ಹಿಡಿ, ಮೀಸೆ ಬೋಳಿಸ್ಕೋತೀನಿ!"

ಇಪ್ಪತ್ತು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ ಪಣಕ್ಕೆ ಬಿತ್ತು.

ಭಾನುವಾರ ಅವನು ಬಂದು ಕೂತ. ನಾನು ಡೊಳ್ಳಿನ ಪದ ಹಾಕಿದೆ. ಧಂ! ಹಿಂದೆಯೇ ಲೊಡಲೊಡ!

"ಏನ್ಲಾ ಅದು?"

"ಯಾವುದು?" ಎಂದೆ, ಮೀಸೆ ಮುಚ್ಚಿಕೊಂಡು.

ವೈರು ಬದಲಿಸಿದೆ. ಸ್ಪೀಕರ್ ಜರುಗಿಸಿದೆ. ಹಾಳೆಗೆ ಕೈಮುಗಿದೆ. ಧಂ, ಲೊಡಲೊಡ! ಸದ್ದು ಹೆಚ್ಚಿಸಿದಷ್ಟೂ ಲೊಡಲೊಡ ಹೆಚ್ಚಿತು.

"ವಿಮಲಮ್ಮ, ನಿಮ್ಮೋರ ರೇಜರ್ ಎಲ್ಲೈತೆ?" ಎಂದು ತೋಂಟದಾರ್ಯ ಅಡುಗೆಮನೆಯತ್ತ ಕೂಗಿದ.

ನನ್ನವಳು ಸೌಟು ಹಿಡಿದೇ ಬಂದು ಸೂರಿನತ್ತ ಕಿವಿಗೊಟ್ಟಳು. ಮೇಲೆ ಅಟ್ಟದಲ್ಲಿ ನಾಲ್ಕು ಸಾವಿರ ತೆಂಗಿನಕಾಯಿ ಹತ್ತು ತಿಂಗಳಿಂದ ಒಣಗುತ್ತಿದ್ದವು. ಕಾಯಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುವ ಕಿವಿ ಅವಳದು.

"ಡಬ್ಬೀದಲ್ಲ ಕಣ್ರೀ, ಅಟ್ಟದ್ದು! ಡೊಳ್ಳಿನ ಏಟಿಗೆ ಕಾಯಿ ಅಲ್ಲಾಡ್ತಾವೆ. ಕೊಬ್ಬರಿ ಆಗೈತೆ!"

"ಗೆದ್ದೆ! ಡಬ್ಬೀದು ತಪ್ಪಿಲ್ಲ! ಮೀಸೆ ಉಳೀತು!" ಎಂದು ತೋಂಟದಾರ್ಯನ ಸುತ್ತ ಮೂರು ಸುತ್ತು ಕುಣಿದೆ. ನನಗಾದ ಸಂತೋಷ ಅಷ್ಟಿಷ್ಟಲ್ಲ!

"ಕುಣಿದಿದ್ದು ಸಾಕು, ಅಟ್ಟ ಹತ್ತಿ," ಎಂದಳು ವಿಮಲ. "ಒಂದೊಂದೇ ಅಲ್ಲಾಡಿಸಿ ನನ್ನ ರಟ್ಟೆ ಬಿದ್ದೋಗಿತ್ತು. ತೋಂಟಣ್ಣ ಡೊಳ್ಳು ಹಾಕ್ತಿರ್ಲಿ, ಲೊಡಲೊಡ ಅನ್ನೋವ್ನೆಲ್ಲ ನೀವು ಇಳಿಸಿ."

ತೋಂಟದಾರ್ಯ ಕಾಫಿ ಹೀರುತ್ತಾ ಡೊಳ್ಳು ಹಾಕಿದ್ದೇ ಹಾಕಿದ್ದು! ಸಂಜೆಗೆ ನನ್ನ ಸೊಂಟ ಸೊನ್ನೆಯಾಯಿತು. ಉಳಿದ ಮೀಸೆಯ ತುಂಬ ಜೇಡರಬಲೆ.

ಇಳಿದು ಉಸಿರು ಬಿಡುವಷ್ಟರಲ್ಲಿ ಪಕ್ಕದ ಮನೆಯ ಚಿಕ್ಕಗೌರಮ್ಮ ಬಾಗಿಲಲ್ಲಿ ನಿಂತಿದ್ದರು.

"ರೇಣುಕಣ್ಣ, ಆ ಕೊಬ್ಬರಿ ನೋಡೋ ಮಿಷಿನ್ನು ನಾಳೆ ನಮ್ಮನೆಗೂ ಒಸಿ ಕೊಡಿ. ಮಧ್ಯದಲ್ಲಿ ಹಾಡು ಬಂದ್ರೂ ಪರವಾಗಿಲ್ಲ ಬುಡಿ!"